ಕಾಣದ ನಟ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಉಚ್ಚಿಲ ಮತ್ತು ಪಡುಬಿದ್ರಿಗಳ ನಡುವೆ, ಪಡುಗಡಲಿನ ಅಂಚಿನಲ್ಲಿ ಎರ್ಮಾಳ್ ಎಂಬ ಊರಿದೆ. 'ಎರ್ಮಾಳ್ ಜಪ್ಪು, ಖಂಡೇವು ಅಡೆಪು' ಎಂಬುದು ತುಳುನಾಡಿನಲ್ಲಿ ಬಳಕೆಯಲ್ಲಿರುವ ನುಡಿ. ವರ್ಷದ ಜಾತ್ರೆ ಉತ್ಸವಗಳ ಸಾಲು ಎರ್ಮಾಳಿನಲ್ಲಿ ತೊಡಗಿ ಖಂಡಿಗೆಯಲ್ಲಿ ಮುಗಿಯುತ್ತದೆ ಎಂಬುದು ಅದರ ತಾತ್ಪರ್ಯ. ಆ ತಿಂಗಳುಗಳಲ್ಲಿ ಈ ಸೀಮೆಯ ಇರುಳುಗಳು ಚೆಂಡೆಯ ಸದ್ದಿನಿಂದ ತುಂಬಿರುತ್ತವೆ. ಬೇಸಿಗೆಯ ಕೊನೆಗೆ ಪತ್ತನಾಜೆ ಬರುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿಯುತ್ತದೆ.

ಮಳೆಗಾಲದಲ್ಲಿ ಬಯಲಾಟಕ್ಕೆ ಎಡೆಯಿಲ್ಲ. ಆದರೆ ಕಲೆ ಸುಮ್ಮನೆ ಕೂರುವುದಿಲ್ಲ. ಅದು ಬಯಲಿನಿಂದ ಚಾವಡಿಗೆ ಬರುತ್ತದೆ. ಭಾಗವತರು ನಡುವೆ ಕುಳಿತು ತಾಳ ಹಿಡಿಯುತ್ತಾರೆ. ಪಕ್ಕದಲ್ಲಿ ಮದ್ದಳೆ, ಚೆಂಡೆ. ಎರಡು ಬದಿಗಳಲ್ಲಿ ಎದುರುಬದುರಾಗಿ ಅರ್ಥಧಾರಿಗಳು. ಅವರಿಗೆ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಇದೇ ತಾಳಮದ್ದಳೆ.

ವಾಲಿಯ ಪ್ರಸಂಗ ನಡೆಯುತ್ತಿದೆ ಎನ್ನೋಣ. ರಾಮಬಾಣ ತಾಗಿ ನೆಲಕ್ಕುರುಳಿದ ವಾಲಿಯ ಪಾತ್ರವನ್ನು ವಹಿಸಿದವರು ಬಿಳಿಯ ಪಂಚೆ ಉಟ್ಟು, ಹೆಗಲಿಗೆ ಶಾಲು ಹೊದ್ದ ಒಬ್ಬ ಗೃಹಸ್ಥರು. ಹಗಲಿನಲ್ಲಿ ಅವರು ಶಾಲೆಯ ಅಧ್ಯಾಪಕರೋ ಅಂಗಡಿಯ ಯಜಮಾನರೋ ಆಗಿರಬಹುದು. ಅವರು ಒಂದು ದೀರ್ಘವಾದ ಉಸಿರನ್ನು ಎಳೆದು, ಅರ್ಧದಲ್ಲಿ ತಡೆದು, ನಿಧಾನವಾಗಿ ಕೇಳುತ್ತಾರೆ: ಮರೆಯಲ್ಲಿ ನಿಂತು ಬಾಣ ಬಿಟ್ಟುದೇಕೆ? ಆ ಕ್ಷಣದಲ್ಲಿ ಪಂಚೆ ಶಾಲುಗಳು ಕಣ್ಣಿನಿಂದ ಮರೆಯಾಗುತ್ತವೆ. ಹೊರಗೆ ಕಡಲು ಮೊರೆಯುತ್ತಿದ್ದರೂ ಚಾವಡಿಯಲ್ಲಿ ಕುಳಿತವರಿಗೆ ಕೇಳಿಸುವುದು ಕಿಷ್ಕಿಂಧೆಯ ಗಾಳಿ. ಕಾಣಿಸುವುದು ನೆತ್ತರು ಸುರಿಸುತ್ತಿರುವ ಕಪಿರಾಜ. ಇಷ್ಟನ್ನೂ ಸಾಧಿಸಿದುದು ಒಂದು ದನಿ.

ದನಿಯೊಂದರಿಂದಲೇ ಪಾತ್ರವನ್ನು ಕಟ್ಟಿ ನಿಲ್ಲಿಸುವ ಈ ವಿದ್ಯೆಗೆ ಇಂದು ಹಲವು ಬಾಗಿಲುಗಳು ತೆರೆದಿವೆ. ಬಾನುಲಿ ನಾಟಕ, ಚಲನಚಿತ್ರಗಳ ಕಂಠದಾನ, ಮಕ್ಕಳ ಕಾರ್ಟೂನು ಚಿತ್ರಗಳು, ಸಾಕ್ಷ್ಯಚಿತ್ರಗಳ ನಿರೂಪಣೆ, ಜಾಹೀರಾತು, ಧ್ವನಿಪುಸ್ತಕ, ಇವೆಲ್ಲವೂ ಕಾಣದ ನಟರನ್ನು ಬೇಡುತ್ತವೆ. ಕಡಲ ತಡಿಯ ಚಿಕ್ಕ ಊರೊಂದರ ಹುಡುಗನೋ ಹುಡುಗಿಯೋ ಈ ಕಲೆಯನ್ನು ಪ್ರವೇಶಿಸಬೇಕೆಂದು ಬಯಸಿದರೆ ದಾರಿ ಯಾವುದು? ಎಲ್ಲರೂ ಮೊದಲು ಕೇಳುವ ಪ್ರಶ್ನೆ, 'ನನ್ನ ಕಂಠ ಚೆನ್ನಾಗಿದೆಯೆ?' ಎಂಬುದು. ಆದರೆ ಈ ವಿದ್ಯೆಯ ಮೊದಲ ಪಾಠ ಕಂಠದಲ್ಲಿಲ್ಲ, ಕಿವಿಯಲ್ಲಿದೆ.

ಕಾಣದ ನಟನ ಆಧುನಿಕ ಇತಿಹಾಸ ಬಾನುಲಿಯೊಂದಿಗೆ ತೊಡಗಿತು. 1924ರ ಜನವರಿಯಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆ ರಿಚರ್ಡ್ ಹ್ಯೂಸ್ ಎಂಬ ತರುಣ ಲೇಖಕ ಬರೆದ ಒಂದು ಕಿರುನಾಟಕವನ್ನು ಪ್ರಸಾರ ಮಾಡಿತು. ಬಾನುಲಿಗೆಂದೇ ಬರೆದ ಮೊದಲ ನಾಟಕಗಳಲ್ಲಿ ಅದು ಪ್ರಸಿದ್ಧವಾದುದು. ಕೇಳುಗರಿಗೆ ಏನೂ ಕಾಣದು ಎಂಬ ಕೊರತೆಯನ್ನೇ ಹ್ಯೂಸ್ ನಾಟಕದ ಬಲವಾಗಿ ಮಾಡಿಕೊಂಡ. ಕಲ್ಲಿದ್ದಲ ಗಣಿಯೊಂದರಲ್ಲಿ ದೀಪಗಳು ಆರಿಹೋಗುತ್ತವೆ. ಒಳಗೆ ಸಿಕ್ಕಿಬಿದ್ದವರು ಕತ್ತಲೆಯಲ್ಲಿ ಮಾತಾಡುತ್ತಾರೆ. ಪಾತ್ರಗಳಿಗೂ ಕತ್ತಲೆ, ಕೇಳುಗರಿಗೂ ಕತ್ತಲೆ. ಇಬ್ಬರ ನಡುವೆ ಸೇತುವೆಯಾದುದು ದನಿ ಮಾತ್ರ.

ಕನ್ನಡನಾಡು ಈ ಹೊಸ ವಿದ್ಯೆಗೆ ಬಹುಬೇಗ ಕಿವಿಗೊಟ್ಟಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು. ಮುಂದೆ ಇಡೀ ದೇಶದ ಬಾನುಲಿಗೂ ಅದೇ ಹೆಸರು ನಿಂತಿತು. 1950ರಲ್ಲಿ ಧಾರವಾಡದಲ್ಲಿಯೂ 1955ರಲ್ಲಿ ಬೆಂಗಳೂರಿನಲ್ಲಿಯೂ ಆಕಾಶವಾಣಿ ಕೇಂದ್ರಗಳು ತೆರೆದವು. ಕರಾವಳಿಗೆ ಈ ಭಾಗ್ಯ ಒದಗಿದುದು 1976ರಲ್ಲಿ, ಮಂಗಳೂರು ಕೇಂದ್ರದ ಆರಂಭದೊಂದಿಗೆ. ಕನ್ನಡದ ಜೊತೆಗೆ ತುಳು, ಕೊಂಕಣಿಗಳೂ ಅಲ್ಲಿ ಬಾನಿಗೇರಿದವು. ಒಂದು ದನಿ ಎಷ್ಟರಮಟ್ಟಿಗೆ ಜನರ ಮನೆಯದಾಗಬಲ್ಲದು ಎಂಬುದಕ್ಕೆ ಬೆಂಗಳೂರಿನ ಎ. ಎಸ್. ಮೂರ್ತಿ ಅವರೇ ನಿದರ್ಶನ. ಅವರು ವಹಿಸಿದ ಪಾತ್ರದ ಹೆಸರು ಅವರ ಹೆಸರನ್ನೇ ಮರೆಸಿತು. ನಾಡಿನ ಕೇಳುಗರಿಗೆ ಅವರು 'ಆಕಾಶವಾಣಿ ಈರಣ್ಣ' ಆದರು.

ಆದರೆ ಕರಾವಳಿಯಲ್ಲಿ ಬಾನುಲಿ ಬರುವುದಕ್ಕೆ ಬಹಳ ಹಿಂದೆಯೇ ದನಿಯ ಶಾಲೆಯೊಂದು ನಡೆಯುತ್ತಿತ್ತು, ಅದೇ ತಾಳಮದ್ದಳೆ. ಅಲ್ಲಿ ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ. ಅದರ ಭಾವವನ್ನು ಹಿಡಿದು ಅರ್ಥಧಾರಿ ಆ ಕ್ಷಣದಲ್ಲಿಯೇ ಮಾತನ್ನು ಹೆಣೆಯಬೇಕು. ಎದುರಾಳಿ ಏನು ಹೇಳಿದನೆಂಬುದನ್ನು ಒಂದಕ್ಷರವೂ ಬಿಡದೆ ಕೇಳಿಸಿಕೊಳ್ಳದಿದ್ದರೆ ಉತ್ತರ ಹುಟ್ಟುವುದಿಲ್ಲ. ಆದುದರಿಂದ ಒಳ್ಳೆಯ ಅರ್ಥಧಾರಿಯೆಂದರೆ ಒಳ್ಳೆಯ ಮಾತುಗಾರನಷ್ಟೇ ಅಲ್ಲ, ಒಳ್ಳೆಯ ಕೇಳುಗ.

ಶೇಣಿ ಗೋಪಾಲಕೃಷ್ಣ ಭಟ್ಟರು ತರ್ಕದ ಬಲದಿಂದ ವಾಲಿ, ರಾವಣ, ಮಾಗಧರಂಥ ಪಾತ್ರಗಳಿಗೆ ಹೊಸ ಎತ್ತರವನ್ನು ತಂದರು. ಮಲ್ಪೆ ರಾಮದಾಸ ಸಾಮಗರ ಮಾತಿನಲ್ಲಿ ಭಾವ ಹೊಳೆಯಾಗಿ ಹರಿಯುತ್ತಿತ್ತು. ಕುಂಬಳೆ ಸುಂದರ ರಾಯರು ಪ್ರಾಸಬದ್ಧವಾದ ನುಡಿಗಳಿಂದ ಸಭೆಯನ್ನು ಗೆದ್ದರು. ಮೂವರ ಕಂಠಗಳೂ ಬೇರೆ, ಮೂವರ ದಾರಿಗಳೂ ಬೇರೆ. ಒಬ್ಬರು ಇನ್ನೊಬ್ಬರನ್ನು ಅನುಕರಿಸಿದ್ದರೆ ಕಲೆಗೆ ಅಷ್ಟರಮಟ್ಟಿಗೆ ನಷ್ಟವಾಗುತ್ತಿತ್ತು. ಹೊಸದಾಗಿ ಬರುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಹೆಸರಾಂತ ನಟರ ದನಿಯನ್ನು ಹಾಗೆಯೇ ನುಡಿದು ತೋರಿಸುವುದು ಅಣಕುದನಿ. ಅದಕ್ಕೆ ಚಪ್ಪಾಳೆ ಸಿಗುತ್ತದೆ; ಪಾತ್ರ ಸಿಗುವುದು ಅಪರೂಪ. ಕಾಣದ ನಟ ಇನ್ನೊಬ್ಬರ ಕಂಠವನ್ನು ತೊಡುವವನಲ್ಲ, ತನ್ನ ಕಂಠದಿಂದಲೇ ಇನ್ನೊಂದು ಬಾಳನ್ನು ಬಾಳಿ ತೋರಿಸುವವನು.

ಕರಾವಳಿಯ ಅಭ್ಯಾಸಿಗಳನ್ನು ಕಾಡುವ ಇನ್ನೊಂದು ಅಳುಕು ಉಂಟು. ಅವರಲ್ಲಿ ಬಹುಮಂದಿಯ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳಗಳಲ್ಲಿ ಯಾವುದಾದರೊಂದು. ಅವರು ಶಾಲೆಯಲ್ಲಿ ಕಲಿತ ಕನ್ನಡ ಪುಸ್ತಕದ ಕನ್ನಡ. 'ಮಂಗಳೂರಿನವರ ಕನ್ನಡ' ಎಂದು ಹೊರಗಿನವರು ನಕ್ಕಾಗ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಬೇರೆ ಮಾತನ್ನಾಡುತ್ತ ಚಾವಡಿಯಲ್ಲಿ ಗಂಟೆಗಟ್ಟಲೆ ಶುದ್ಧ ಕನ್ನಡದಲ್ಲಿ ಅರ್ಥ ಹೇಳುವ ಕಲಾವಿದರು ಈ ನೆಲದಲ್ಲಿ ನೂರಾರು ಮಂದಿ ಆಗಿಹೋಗಿದ್ದಾರೆ. ಕೊಂಕಣಿ ಮನೆಮಾತಿನ ಗೋವಿಂದ ಪೈಗಳು ಕನ್ನಡದ ರಾಷ್ಟ್ರಕವಿಯಾದರು. ಮನೆಮಾತು ಅಡ್ಡಿಯಾಗುವುದಿಲ್ಲ, ಅಳುಕು ಅಡ್ಡಿಯಾಗುತ್ತದೆ.

ಹಾಗೆಂದು ಉಚ್ಚಾರದ ಕಡೆಗೆ ಅಲಕ್ಷ್ಯವೂ ಸಲ್ಲದು. 'ಧನ' ಎಂದರೆ ಸಂಪತ್ತು, 'ದನ' ಎಂದರೆ ಹಸು. 'ಬಳಿ' ಎಂದರೆ ಹತ್ತಿರ, 'ಬಲಿ' ಎಂದರೆ ಆಹುತಿ. ವೇದಿಕೆಯ ಮೇಲಾದರೆ ನಟನ ಕೈಸನ್ನೆ ತಪ್ಪನ್ನು ಸ್ವಲ್ಪ ಮುಚ್ಚೀತು. ಕಾಣದ ನಟನಿಗೆ ಆ ಆಸರೆಯಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು, ಲಕಾರ ಳಕಾರಗಳು, ಸ ಶ ಷಗಳು, ಹ್ರಸ್ವ ದೀರ್ಘಗಳು ಅವನಿಗೆ ಬರಿಯ ವ್ಯಾಕರಣವಲ್ಲ, ವೇಷಭೂಷಣಗಳೇ ಅವು.

ಪುಸ್ತಕದ ಕನ್ನಡವೊಂದೇ ಸಾಲದು ಎಂಬುದೂ ನಿಜ. 'ನಾಳೆ ಬರುತ್ತೇನೆ' ಎಂಬ ಚಿಕ್ಕ ಮಾತನ್ನೇ ತೆಗೆದುಕೊಳ್ಳಬಹುದು. ಮಂಗಳೂರಿನಲ್ಲಿ ಅದು 'ನಾಳೆ ಬರ್ತೇನೆ'. ಕುಂದಾಪುರದಲ್ಲಿ 'ನಾಳೆ ಬತ್ತೆ'. ಮೈಸೂರಿನ ಹಳ್ಳಿಗಳಲ್ಲಿ 'ನಾಳೆ ಬತ್ತೀನಿ'. ಧಾರವಾಡದ ಕಡೆ 'ನಾಳೆ ಬರ್ತೀನ್ರಿ'. ಪುರಾಣಪಾತ್ರಕ್ಕೆ ಪುಸ್ತಕದ ಕನ್ನಡ ಒಪ್ಪುತ್ತದೆ. ಹೊಲದಲ್ಲಿ ದುಡಿಯುವ ರೈತನ ಬಾಯಲ್ಲಿ ಅದೇ ಕನ್ನಡ ಕೃತಕವಾಗುತ್ತದೆ. ಈ ಭೇದಗಳನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಕಲಿಸಲಾರದು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯ ಚಪ್ಪರದಲ್ಲಿ ಮಾತಾಡುವವರ ಧಾಟಿಯನ್ನು ಕಿವಿ ಕೂಡಿಟ್ಟುಕೊಳ್ಳಬೇಕು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು ಭಾಷೆಯನ್ನು ಕೇಳುತ್ತ ಬೆಳೆಯುವ ಕರಾವಳಿಯ ಮಗುವಿಗೆ ಈ ಕೂಡಿಡುವ ಅಭ್ಯಾಸ ಹುಟ್ಟಿನಿಂದಲೇ ಬಂದಿರುತ್ತದೆ. ಕೊರತೆಯೆಂದು ಬಗೆದುದು ಹೀಗೆ ಬಂಡವಾಳವೂ ಆಗಬಲ್ಲದು.

ಕಿವಿಯ ಅನಂತರ ಉಸಿರು. ಮಾತೆಂಬುದು ಹೊರಬರುವ ಉಸಿರಿನ ಮೇಲೆ ತೇಲುವ ದೋಣಿ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿದಾಗ ಶ್ವಾಸಕೋಶ ತುಂಬುತ್ತದೆ. ಆ ಗಾಳಿ ಹೊರಡುವಾಗ ಗಂಟಲಿನಲ್ಲಿರುವ ಧ್ವನಿತಂತುಗಳು ಕಂಪಿಸುತ್ತವೆ. ಮಾತಾಡುವಾಗ ವಯಸ್ಕ ಗಂಡಸರಲ್ಲಿ ಅವು ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ ಕಂಪಿಸುತ್ತವೆ. ಭುಜವೆತ್ತಿ ಮೇಲೆಮೇಲೆ ಉಸಿರಾಡುವವರ ಮಾತು ವಾಕ್ಯದ ಕೊನೆಗೆ ಸೊರಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ. ಅಲ್ಲಿ ಉಸಿರು ಕಡಿಮೆಯಾದರೆ ಬಂದನೋ ಬರಲಿಲ್ಲವೋ ಎಂಬುದೇ ಕೇಳುಗರಿಗೆ ತಿಳಿಯದು. ಆದುದರಿಂದ ಹೊಟ್ಟೆ ಉಬ್ಬುವಂತೆ ಉಸಿರೆಳೆದು, ಒಂದು ದೀರ್ಘ ವಾಕ್ಯವನ್ನು ಕೊನೆಯ ಅಕ್ಷರದವರೆಗೂ ಒಂದೇ ತೂಕದಲ್ಲಿ ನುಡಿಯುವುದನ್ನು ದಿನವೂ ರೂಢಿಸಿಕೊಳ್ಳಬೇಕು.

ಹದಿಮೂರು ಹದಿನಾಲ್ಕರ ಆಸುಪಾಸಿನ ಹುಡುಗರು ತಮ್ಮ ದನಿ ಕೈಕೊಟ್ಟಿತೆಂದು ನೊಂದುಕೊಳ್ಳುವುದುಂಟು. ನಿನ್ನೆಯವರೆಗೆ ಇಂಪಾಗಿದ್ದ ಕಂಠ ಇಂದು ಇದ್ದಕ್ಕಿದ್ದಂತೆ ಒಡೆಯುತ್ತದೆ. ತರಗತಿಯಲ್ಲಿ ಪದ್ಯ ಓದಲು ಎದ್ದವನು ನಗೆಗೀಡಾಗುತ್ತಾನೆ. ಇದು ರೋಗವಲ್ಲ. ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಹೊಸ ಕಂಠ ನೆಲೆಗೊಳ್ಳಲು ಕೆಲವು ತಿಂಗಳುಗಳು ಬೇಕು. ಆ ಅವಧಿಯಲ್ಲಿ ಕಿರುಚಬಾರದು, ಒತ್ತಾಯದಿಂದ ಗಡಸು ದನಿಯನ್ನು ತೆಗೆಯಬಾರದು. ಆಗ ಮಾಡಬೇಕಾದ ಕೆಲಸ ಕೇಳುವುದು ಮತ್ತು ಓದುವುದು.

ಓದುವುದೆಂದರೆ ಗಟ್ಟಿಯಾಗಿ, ಅರ್ಥವರಿತು ಓದುವುದು. ಪದ್ಯವನ್ನು ಭಾವಕ್ಕೆ ತಕ್ಕಂತೆ ಬಿಡಿಸಿ ವಾಚಿಸುವ ಗಮಕಕಲೆ ಕನ್ನಡದಲ್ಲಿ ತಲೆತಲಾಂತರದಿಂದ ಬಂದಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಸಾಗಬೇಕು, ಯಾವ ಪದದ ಮೇಲೆ ಭಾರ ಹಾಕಬೇಕು ಎಂಬ ವಿವೇಕವನ್ನು ಅದು ಕಲಿಸುತ್ತದೆ. 'ಅಣ್ಣ ಬಂದ' ಎಂಬ ಎರಡು ಪದಗಳ ವಾಕ್ಯವನ್ನೇ ನೋಡಬಹುದು. ಹತ್ತು ವರ್ಷಗಳ ಅನಂತರ ಬಂದ ಅಣ್ಣನನ್ನು ಕಂಡ ತಂಗಿಯ ಮಾತು ಅದಾಗಬಹುದು. ಜಗಳವಾಡುತ್ತಿದ್ದ ಮಕ್ಕಳು ಅಣ್ಣನ ಹೆಜ್ಜೆಯ ಸದ್ದು ಕೇಳಿ ಹೆದರಿ ಪಿಸುಗುಟ್ಟಿದ ಮಾತೂ ಆಗಬಹುದು. ಬಾರನೆಂದು ನಂಬಿದ್ದವನು ಬಂದಾಗಿನ ಬೆರಗೂ ಆಗಬಹುದು, ಬರಬಾರದಾಗಿದ್ದವನು ಬಂದಾಗಿನ ಬೇಸರವೂ ಆಗಬಹುದು. ಅಕ್ಷರಗಳು ಅವೇ, ಕತೆಗಳು ನಾಲ್ಕು. ಈ ನಾಲ್ಕನ್ನೂ ಬೇರೆಬೇರೆಯಾಗಿ ನುಡಿದು, ಕೇಳುವವರು ಮುಖ ನೋಡದೆಯೇ ಗುರುತಿಸುವಂತೆ ಮಾಡಬಲ್ಲವರು ಈ ವಿದ್ಯೆಯ ಮೊದಲ ಮೆಟ್ಟಿಲನ್ನು ಏರಿದಂತೆ.

ಮುಂದಿನ ಮೆಟ್ಟಿಲು ಮೈಕು. ಕಡಲ ತಡಿಯಲ್ಲಿ ಬೆಳೆದವರಿಗೆ ಎತ್ತರದ ದನಿಯಲ್ಲಿ ಮಾತಾಡುವುದು ಸಹಜ. ಅಲೆಗಳ ಮೊರೆತವನ್ನು ಮೀರಿ ದೋಣಿಯವರನ್ನು ಕರೆಯಬೇಕಾದ ಬಾಳು ಅವರದು. ಮೈಕಾದರೋ ಕಿವಿಯ ಬಳಿ ಬಂದು ಕುಳಿತ ಗೆಳೆಯನಂತೆ. ಅದರ ಮುಂದೆ ಕೂಗಬೇಕಾಗಿಲ್ಲ. ಸುಮಾರು ಒಂದು ಗೇಣು ದೂರದಲ್ಲಿ ನಿಂತು, ಮುಖವನ್ನು ಒಂದಿಷ್ಟು ಓರೆಯಾಗಿಸಿಕೊಂಡು ಮಾತಾಡಿದರೆ ಸಾಕು. ಪ, ಫ, ಬ, ಭ ಎಂಬ ಅಕ್ಷರಗಳಲ್ಲಿ ತುಟಿಯಿಂದ ಸಿಡಿಯುವ ಗಾಳಿ ನೇರವಾಗಿ ಬಡಿದರೆ ಮೈಕು 'ದಬ್ಬ್' ಎನ್ನುತ್ತದೆ. ಪಾತ್ರ ದೂರದಿಂದ ಬರುತ್ತಿದ್ದರೆ ನಟ ನಾಲ್ಕು ಹೆಜ್ಜೆ ಹಿಂದೆ ಸರಿದು ಮಾತಾಡುತ್ತ ಮುಂದೆ ಬರುತ್ತಾನೆ. ತೆಂಗಿನ ಕರಟಗಳನ್ನು ತಟ್ಟಿದರೆ ಕುದುರೆಯ ಗೊರಸಿನ ಸದ್ದು. ತೆಳುವಾದ ಕಾಗದವನ್ನು ಮುದುರಿದರೆ ಉರಿಯುವ ಬೆಂಕಿ. ಕಾಗದದ ಹಾಳೆ ಮಗುಚುವ ಸದ್ದು ಕೂಡ ಮೈಕಿಗೆ ಕೇಳುವುದರಿಂದ ಹಾಳೆಯನ್ನು ಮೆಲ್ಲನೆ ಬದಿಗಿಡುವುದನ್ನೂ ಕಲಿಯಬೇಕಾಗುತ್ತದೆ.

ಇಂದು ಅಭ್ಯಾಸಕ್ಕೆ ದೊಡ್ಡ ಯಂತ್ರಗಳು ಬೇಕಾಗಿಲ್ಲ. ಮನೆಯ ಮೊಬೈಲಿನಲ್ಲಿ ಒಂದು ಪುಟವನ್ನು ಓದಿ ಮುದ್ರಿಸಿ ಕೇಳಬಹುದು. ಎರ್ಮಾಳಿನಂಥ ಊರಿನಲ್ಲಿ ಹಾಗೆ ಮುದ್ರಿಸಿದವರಿಗೆ ಮೊದಲು ಒಂದು ಅಚ್ಚರಿ ಕಾದಿರುತ್ತದೆ. ಮಾತಿನ ಹಿಂದೆ ಉದ್ದಕ್ಕೂ ಒಂದು ಮೊರೆತ ಕೇಳಿಸುತ್ತದೆ, ಅದು ಕಡಲು. ಹುಟ್ಟಿದಂದಿನಿಂದ ಕೇಳಿ ಕೇಳಿ ಕಿವಿ ಅದನ್ನು ಮರೆತಿರುತ್ತದೆ, ಯಂತ್ರ ಮರೆತಿರುವುದಿಲ್ಲ. ಕಿಟಕಿ ಮುಚ್ಚಿ, ಬಾಗಿಲಿಗೆ ದಪ್ಪನೆಯ ಕಂಬಳಿಯನ್ನು ಇಳಿಬಿಟ್ಟು, ಬಟ್ಟೆಬರೆ ತುಂಬಿದ ಕೋಣೆಯಲ್ಲಿ ಮುದ್ರಿಸಿದರೆ ಸದ್ದು ತಗ್ಗುತ್ತದೆ. ಇದಕ್ಕಿಂತ ಮುಖ್ಯವಾದ ಎರಡನೆಯ ಅಚ್ಚರಿಯೂ ಉಂಟು. ಬಹುಮಂದಿಗೆ ತಮ್ಮ ದನಿಯನ್ನು ಮೊದಲ ಸಲ ಕೇಳಿದಾಗ 'ಇದು ನನ್ನದಲ್ಲ' ಎನಿಸುತ್ತದೆ. ಮಾತಾಡುವಾಗ ತಲೆಯ ಮೂಳೆಗಳ ಮೂಲಕವೂ ದನಿ ಕಿವಿಗೆ ತಲಪುವುದರಿಂದ ಒಳಗೆ ಅದು ತುಂಬಿಕೊಂಡು ಕೇಳಿಸುತ್ತದೆ. ಹೊರಗಿನವರು ಕೇಳುವುದು ಯಂತ್ರದಲ್ಲಿ ಮುದ್ರಿತವಾದ ದನಿಯನ್ನೇ. ಆ ಅಪರಿಚಿತ ದನಿಯನ್ನು ನಾಚದೆ, ಮರುಳಾಗದೆ ಕೇಳಿಸಿಕೊಂಡು ತಿದ್ದುವವರು ಮಾತ್ರ ಮುಂದೆ ಸಾಗುತ್ತಾರೆ.

ಪ್ರವೇಶದ ಬಾಗಿಲುಗಳೂ ಹತ್ತಿರದಲ್ಲಿಯೇ ಇವೆ. ಶಾಲೆಯ ನಾಟಕ, ಊರಿನ ತಾಳಮದ್ದಳೆಯ ಕೂಟ, ಗ್ರಂಥಾಲಯದ ಕಥಾವಾಚನ, ಇವು ಮೊದಲ ಬಾಗಿಲುಗಳು. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ 2006ರಲ್ಲಿ ಸೇವಾಸಂಸ್ಥೆಗಳಿಗೂ ಸರ್ಕಾರ ಸಮುದಾಯ ಬಾನುಲಿಯ ಅವಕಾಶವನ್ನು ಕೊಟ್ಟ ಮೇಲೆ ಚಿಕ್ಕ ಕೇಂದ್ರಗಳು ತಲೆಯೆತ್ತಿದವು. ಮಣಿಪಾಲದ ರೇಡಿಯೋ ಮಣಿಪಾಲ್, ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ರೇಡಿಯೋ ಸಾರಂಗ್ ಅಂಥವು. ಆಕಾಶವಾಣಿಯಲ್ಲಿ ನಾಟಕ ಕಲಾವಿದರಾಗಲು ಧ್ವನಿಪರೀಕ್ಷೆ ಉಂಟು. ಗಾಜಿನ ಗೋಡೆಯ ಕೋಣೆಯೊಳಗೆ ಅಭ್ಯರ್ಥಿ ಒಬ್ಬನೇ ನಿಂತು ಬೇರೆಬೇರೆ ಭಾವಗಳ ಸಂಭಾಷಣೆಗಳನ್ನು ನುಡಿಯಬೇಕು. ಕೇಳುವವರಿಗೆ ಅವನ ಉಡುಪೂ ಮುಖವೂ ಮುಖ್ಯವಲ್ಲ. ಆಯ್ಕೆಯಾದವರಿಗೆ 'ಬಿ', 'ಬಿ-ಹೈ', 'ಎ', 'ಟಾಪ್' ಎಂಬ ಶ್ರೇಣಿಗಳಿವೆ. ಮೊದಲ ಯತ್ನದಲ್ಲಿ ಆಯ್ಕೆಯಾಗದವರೇ ಹೆಚ್ಚು. ಅವರು ಮರಳಿ ಯತ್ನಿಸಬಹುದು. 'ಆಗಲಿಲ್ಲ' ಎಂಬ ಉತ್ತರ ಬಂದಾಗ ಕಂಠವನ್ನು ಹಳಿದುಕೊಳ್ಳುವ ಬದಲು, ಕಿವಿ ಎಲ್ಲಿ ತಪ್ಪಿತೆಂದು ಹುಡುಕುವುದು ಲೇಸು.

ಚಲನಚಿತ್ರದ ಕಂಠದಾನದ ಕತೆ ಸ್ವಲ್ಪ ಬೇರೆ. ಪರಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ಜೋಡಿಸಿ ತೋರಿಸಿದರೆ ಕನ್ನಡ ಚಿತ್ರಗಳೂ ಕಲಾವಿದರೂ ಸೊರಗುವರೆಂಬ ಆತಂಕದಿಂದ 1960ರ ದಶಕದಲ್ಲಿ ನಾಡಿನಲ್ಲಿ ಅದಕ್ಕೆ ಪ್ರಬಲವಾದ ವಿರೋಧ ಎದ್ದಿತು. ಸುಮಾರು ಅರ್ಧ ಶತಮಾನ ಅಂಥ ಚಿತ್ರಗಳು ಇಲ್ಲಿ ತೆರೆ ಕಾಣಲಿಲ್ಲ. ಆ ಅವಧಿಯಲ್ಲಿಯೂ ಕನ್ನಡ ಚಿತ್ರಗಳಲ್ಲಿ ನಟಿಸಿದ ಪರಭಾಷಾ ನಟಿಯರಿಗೆ ಕನ್ನಡದ ಕಂಠಗಳು ಬೇಕಾಗಿದ್ದವು, ರಂಗನಟಿ ಬಿ. ಜಯಶ್ರೀ ಅಂಥ ಹಲವರಿಗೆ ಮಾತು ಕೊಟ್ಟರು. ಡಬ್ಬಿಂಗಿಗೆ ಅಡ್ಡಿಪಡಿಸುವುದು ನ್ಯಾಯವಲ್ಲವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ತೀರ್ಪಿತ್ತಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಎಂಬ ಚಿತ್ರ ಬಂದುದರೊಂದಿಗೆ ಬಾಗಿಲು ಮತ್ತೆ ತೆರೆಯಿತು. ಇದರಿಂದ ಕನ್ನಡಕ್ಕೆ ಲಾಭವೋ ನಷ್ಟವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಕನ್ನಡ ಬಲ್ಲ ಕಂಠಗಳಿಗೆ ಕೆಲಸ ಹೆಚ್ಚಿದುದು ನಿಜ.

ಇಲ್ಲಿಯೂ ಕಿವಿಯೇ ಗುರು. ಕಲಾವಿದ ಕಿವಿಗೆ ಶ್ರವಣಯಂತ್ರವನ್ನು ತೊಟ್ಟು, ತೆರೆಯ ಮೇಲಿನ ನಟನ ಮೂಲ ಮಾತನ್ನೂ ಉಸಿರನ್ನೂ ಕೇಳುತ್ತ, ಅವನ ತುಟಿಗಳ ಚಲನೆಗೆ ಸರಿಯಾಗಿ ಕನ್ನಡವನ್ನು ನುಡಿಯಬೇಕು. ಪ, ಬ, ಮಗಳಲ್ಲಿ ತುಟಿಗಳು ಮುಚ್ಚಲೇಬೇಕಾದುದರಿಂದ, ನಟನ ತುಟಿ ಮುಚ್ಚುವ ಕಡೆ ಅಂಥದೇ ಅಕ್ಷರವುಳ್ಳ ಮಾತು ಬಂದರೆ ಚಿತ್ರ ಸಹಜವಾಗಿ ಕಾಣುತ್ತದೆ. 'ಬೇಡ' ಎಂಬುದು ಕೂಡದಾದರೆ 'ಬೇಡಮ್ಮ' ಕೂಡಬಹುದು. ಹೊಸಬರಿಗೆ ಮೊದಲು ಸಿಗುವುದು ನಾಯಕನ ಪಾತ್ರವಲ್ಲ. ಗುಂಪಿನ ಗದ್ದಲದಲ್ಲಿ ಒಂದು ಕೂಗು, ಬಾಗಿಲು ತೆರೆಯುವ ಆಳಿನ ಒಂದು ಮಾತು. ಆ ಒಂದು ಮಾತನ್ನು ಆ ಆಳಿನ ಇಡೀ ಬಾಳು ಹಿಂದೆ ಇದೆಯೆಂಬಂತೆ ನುಡಿದವರಿಗೆ ಎರಡನೆಯ ಕರೆ ಬರುತ್ತದೆ.

ಈ ದಾರಿಯಲ್ಲಿ ಎಚ್ಚರವೂ ಬೇಕು. ಕೆಲಸ ಕೊಡಿಸುವುದಾಗಿ ಹೇಳಿ ಮೊದಲೇ ಹಣ ಕೇಳುವವರನ್ನು ನಂಬಬಾರದು. ಈಗ ಒಬ್ಬರ ದನಿಯ ಮಾದರಿಯನ್ನು ಹಿಡಿದು, ಅವರು ಎಂದೂ ಆಡದ ಮಾತನ್ನು ಅವರದೇ ಕಂಠದಲ್ಲಿ ಹೊರಡಿಸುವ ಗಣಕಯಂತ್ರಗಳು ಬಂದಿವೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತಮ್ಮ ದನಿ ಯಾವುದಕ್ಕೆ, ಎಷ್ಟು ಕಾಲ ಬಳಕೆಯಾಗುವುದೆಂಬುದನ್ನು ಹಿರಿಯರೊಂದಿಗೆ ಕೂಡಿ ಓದಿ ತಿಳಿಯಬೇಕು. ದನಿ ಹೊಲಮನೆಗಳಂತೆ ಒಂದು ಸೊತ್ತು. ಯಂತ್ರ ಕಂಠವನ್ನು ಅನುಕರಿಸೀತು. ಆದರೆ ಎದುರಿಗಿರುವವರ ಮೌನವನ್ನು ಕೇಳಿ, ಅದಕ್ಕೆ ತಕ್ಕಂತೆ ತನ್ನ ಉಸಿರನ್ನು ತಡೆದು ನುಡಿಯುವ ಮನಸ್ಸು ಅದಕ್ಕಿಲ್ಲ.

ಮೊದಲ ಸಂಪಾದನೆಗೆ ಕಾಯದೆ ಇಂದೇ ಆರಂಭಿಸಬಹುದಾದ ಒಂದು ಕೆಲಸವುಂಟು. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠಗಳನ್ನು ಓದಿ ಮುದ್ರಿಸಿಕೊಡುವವರು ಬೇಕಾಗಿದ್ದಾರೆ. ಅಂಥ ಕೇಳುಗನಿಗೆ ಓದುವವರ ದನಿಯೇ ಪುಸ್ತಕ. ತಪ್ಪಾಗಿ ಓದಿದ ಒಂದು ಹೆಸರು ಅವನಿಗೆ ಶಾಶ್ವತವಾಗಿ ತಪ್ಪಾಗಿಯೇ ಉಳಿಯಬಹುದು. ಬೇಸರದಿಂದ ಓದಿದ ಒಂದು ಪದ್ಯ ಅವನ ಪಾಲಿಗೆ ಸದಾ ಬೇಸರದ ಪದ್ಯವಾಗಬಹುದು. ಮನೆಯಲ್ಲಿಯೇ ಕಣ್ಣು ಮಂಜಾದ ಅಜ್ಜಿಯಿದ್ದರೆ ಅವರಿಗೆ ದಿನವೂ ಪತ್ರಿಕೆಯನ್ನು ಓದಿ ಹೇಳಬಹುದು. ಅಜ್ಜಿ 'ಇನ್ನೊಮ್ಮೆ ಓದು ಮಗಾ' ಎಂದರೆ ಓದು ಸ್ಪಷ್ಟವಾಗಲಿಲ್ಲವೆಂದೋ, ಮನಸ್ಸಿಗೆ ಹಿಡಿಸಿತೆಂದೋ ಅರ್ಥ. ಎರಡರಲ್ಲಿ ಯಾವುದೆಂಬುದನ್ನು ಅವರ ದನಿಯಿಂದಲೇ ತಿಳಿಯಬಲ್ಲ ಕಿವಿ, ಯಾವ ಧ್ವನಿಪರೀಕ್ಷೆಗೂ ಅಂಜಬೇಕಾಗಿಲ್ಲ.

ಎರ್ಮಾಳಿನಿಂದ ತುಸು ಉತ್ತರಕ್ಕೆ, ಕಾಪುವಿನ ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಇರುಳಿನಲ್ಲಿ ಕಡಲ ಮೇಲಿರುವವರಿಗೆ ಅದರ ಬೆಳಕು ಕಾಣು
ತ್ತದೆ; ದೀಪವನ್ನು ನೋಡಿಕೊಳ್ಳುವವನ ಮುಖ ಕಾಣುವುದಿಲ್ಲ. ಆದರೂ ಅವನನ್ನು ನಂಬಿಯೇ ಅವರು ದಡಕ್ಕೆ ದೋಣಿಯನ್ನು ತಿರುಗಿಸುತ್ತಾರೆ. ಕಾಣದ ನಟನ ಮೇಲೆ ಕೇಳುಗರು ಇಡುವ ನಂಬಿಕೆಯೂ ಅಂಥದೇ.

ಪದಗಳ ಅರ್ಥ

ಅರ್ಥಧಾರಿ – ತಾಳಮದ್ದಳೆಯಲ್ಲಿ ಪಾತ್ರವಹಿಸಿ ಮಾತಾಡುವವನು
ಪತ್ತನಾಜೆ – ತುಳುವರ ಬೇಶ ತಿಂಗಳ ಹತ್ತನೆಯ ದಿನ
ಚಾವಡಿ – ಮನೆಯ ಮುಂಭಾಗದ ಪಡಸಾಲೆ
ಮೊರೆತ – ಭೋರ್ಗರೆತ
ಕಂಠದಾನ – ಇನ್ನೊಬ್ಬ ನಟನ ಪಾತ್ರಕ್ಕೆ ದನಿ ನೀಡುವುದು
ಗಮಕ – ಕಾವ್ಯವನ್ನು ಭಾವಕ್ಕೆ ತಕ್ಕಂತೆ ವಾಚಿಸುವ ಕಲೆ
ವಪೆ – ಎದೆ ಹೊಟ್ಟೆಗಳ ನಡುವಣ ಸ್ನಾಯು
ಗೇಣು – ಚಾಚಿದ ಹೆಬ್ಬೆರಳಿನಿಂದ ಕಿರುಬೆರಳಿನವರೆಗಿನ ಅಳತೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. 'ಎರ್ಮಾಳ್ ಜಪ್ಪು, ಖಂಡೇವು ಅಡೆಪು' ಎಂಬ ನುಡಿಯ ತಾತ್ಪರ್ಯವೇನು?
2. ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದವರು ಯಾರು?
3. 'ಆಕಾಶವಾಣಿ ಈರಣ್ಣ' ಎಂದು ಹೆಸರಾದವರು ಯಾರು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ರಿಚರ್ಡ್ ಹ್ಯೂಸ್ ಬಾನುಲಿಯ ಕೊರತೆಯನ್ನು ಬಲವಾಗಿ ಮಾಡಿಕೊಂಡುದು ಹೇಗೆ?
2. ಅಣಕುದನಿಗೂ ಕಾಣದ ನಟನ ಕಲೆಗೂ ಇರುವ ವ್ಯತ್ಯಾಸವೇನು?
3. ಮುದ್ರಿತವಾದ ತಮ್ಮ ದನಿ ಹಲವರಿಗೆ ಅಪರಿಚಿತವಾಗಿ ಕೇಳಿಸುವುದೇಕೆ?

ಇ. 'ಈ ವಿದ್ಯೆಯ ಮೊದಲ ಪಾಠ ಕಂಠದಲ್ಲಿಲ್ಲ. ಕಿವಿಯಲ್ಲಿದೆ' – ಪಾಠದ ನಿದರ್ಶನಗಳೊಂದಿಗೆ ಸಮರ್ಥಿಸಿರಿ.

ಈ. ಈ ಜೋಡಿಗಳ ಅರ್ಥವ್ಯತ್ಯಾಸವನ್ನು ತಿಳಿದು ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಧನ–ದನ, ಬಳಿ–ಬಲಿ, ಹೊಳೆ–ಹೊಲೆ, ಕಾಲ–ಕಳ.

ಉ. 'ಮಳೆ ನಿಂತಿತು' ಎಂಬ ವಾಕ್ಯವನ್ನು ಸಂತೋಷ, ನಿರಾಶೆ, ಆಶ್ಚರ್ಯ, ಭಯ ಎಂಬ ನಾಲ್ಕು ಭಾವಗಳಲ್ಲಿ ನುಡಿಯಿರಿ. ಸಹಪಾಠಿಗಳು ಕಣ್ಣು ಮುಚ್ಚಿ ಕೇಳಿ, ಭಾವವನ್ನು ಗುರುತಿಸಲಿ.